ನಿಂತಲ್ಲೇ ತುಳಿಯುವ ಸೈಕಲ್ಲು: ಎರಡು ಪರಂಪರೆಗಳ ಚಾರಿತ್ರಿಕ ವಿವೇಚನೆ

೧

ಮನೆಯ ಕೋಣೆಯಲ್ಲಿ ಸೈಕಲ್ಲನ್ನು ಒಂದು ಯಂತ್ರಕ್ಕೆ ಬಿಗಿದು, ಸ್ಥಳ ಬಿಟ್ಟು ಕದಲದೆ ಗಂಟೆಗಟ್ಟಲೆ ತುಳಿಯುವ ಪದ್ಧತಿ ಯೂರೋಪು ಅಮೆರಿಕಗಳಲ್ಲಿ ಈಚಿನ ವರ್ಷಗಳಲ್ಲಿ ಬಹು ವ್ಯಾಪಕವಾಗಿ ಹಬ್ಬಿರುವುದು ವಾಚಕರಿಗೆ ತಿಳಿದ ವಿಷಯವೇ ಆಗಿದೆ. ಈ ಪದ್ಧತಿಗೆ ಒದಗಿಬಂದಿರುವ ಗಣಕ ತಂತ್ರಾಂಶಗಳನ್ನು ಸ್ಥೂಲವಾಗಿ ಎರಡು ವರ್ಗಗಳಾಗಿ ವಿಂಗಡಿಸಬಹುದು. ಮೊದಲನೆಯದು ಕಲ್ಪಿತ ಲೋಕದ ಆಟ: ಸವಾರನ ಪ್ರತಿರೂಪವೊಂದು ತೆರೆಯ ಮೇಲಿನ ರಸ್ತೆಯಲ್ಲಿ ಇತರ ನೂರಾರು ಸವಾರರ ಪ್ರತಿರೂಪಗಳೊಡನೆ ಓಡುತ್ತದೆ. ಜ್ವಿಫ್ಟ್ ಇದಕ್ಕೆ ಪ್ರಸಿದ್ಧವಾದ ಉದಾಹರಣೆ. ಎರಡನೆಯದು ಕ್ರಮಬದ್ಧ ಶಿಕ್ಷಣದ ಸಾಧನ: ಇಲ್ಲಿ ರಸ್ತೆಯಿಲ್ಲ, ಗುಡ್ಡವಿಲ್ಲ, ಜೊತೆಗಾರನಿಲ್ಲ, ಇಷ್ಟು ನಿಮಿಷ ಇಷ್ಟು ಬಲದಿಂದ ತುಳಿಯತಕ್ಕದ್ದೆಂಬ ವಿಧಿ ಮಾತ್ರ ಉಂಟು. ಟ್ರೇನರ್‌ರೋಡ್ ಈ ವರ್ಗಕ್ಕೆ ಸೇರಿದುದು.

ಇವೆರಡರಲ್ಲಿ ಯಾವುದು ಮೇಲು ಎಂಬ ಚರ್ಚೆ ಸವಾರರಲ್ಲಿ ಎಡೆಬಿಡದೆ ನಡೆದಿದೆ. ಒಂದು ವಿನೋದ, ಇನ್ನೊಂದು ವಿಜ್ಞಾನ; ಒಂದು ಕಾಲಹರಣ, ಇನ್ನೊಂದು ಕಾರ್ಯ ಎಂದು ಸಾಮಾನ್ಯವಾಗಿ ತೀರ್ಪುಕೊಡುವುದುಂಟು. ಈ ತೀರ್ಪು ಇತಿಹಾಸದ ಪರೀಕ್ಷೆಯಲ್ಲಿ ನಿಲ್ಲಲಾರದೆಂಬುದು ನಮ್ಮ ಅಭಿಪ್ರಾಯ. ಇವೆರಡೂ ನಿನ್ನೆ ಮೊನ್ನೆ ಹುಟ್ಟಿದ ವಸ್ತುಗಳಲ್ಲ. ನೂರು ವರ್ಷಕ್ಕೂ ಮೀರಿದ ಎರಡು ಪರಂಪರೆಗಳ ಈಚಿನ ರೂಪಗಳು. ನಮ್ಮ ನಾಡಿನ ಮಾತಿನಲ್ಲಿ ಹೇಳುವುದಾದರೆ, ಒಂದು ಜಾತ್ರೆಯ ಕುಸ್ತಿಯ ಕಣ, ಮತ್ತೊಂದು ಗರಡಿಯ ಮನೆ. ಕಣವಿಲ್ಲದ ಗರಡಿಗೆ ಗುರಿಯಿಲ್ಲ. ಗರಡಿಯಿಲ್ಲದ ಕಣಕ್ಕೆ ಪೈಲ್ವಾನರಿಲ್ಲ. ಆದರೂ ಎರಡರ ಧರ್ಮ ಬೇರೆ ಬೇರೆ. ಆ ಭೇದವು ಯಾವಾಗ ಹುಟ್ಟಿತು, ಯಾವಾಗ ಮಾಯವಾಯಿತು, ಮತ್ತೆ ಏಕೆ ತಲೆಯೆತ್ತಿತು ಎಂಬುದನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸುತ್ತೇವೆ.

೨

ನಿಂತಲ್ಲೇ ತುಳಿಯುವ ಯಂತ್ರವು ಚಲಿಸುವ ಸೈಕಲ್ಲಿಗಿಂತ ಹಳೆಯದು ಎಂದರೆ ಆಶ್ಚರ್ಯವಾದೀತು. ಲಂಡನ್ನಿನ ಫ್ರಾನ್ಸಿಸ್ ಲೌಂಡೆಸ್ ಎಂಬಾತನು ೧೭೯೬ರಲ್ಲಿ 'ಜಿಮ್ನಾಸ್ಟಿಕಾನ್' ಎಂಬ ವ್ಯಾಯಾಮ ಯಂತ್ರಕ್ಕೆ ಹಕ್ಕುಪತ್ರ ಪಡೆದನು. ಅದರಲ್ಲಿ ಕೈಗಳಿಗೆ ತಿರುಗುಹಿಡಿಗಳೂ ಕಾಲುಗಳಿಗೆ ತುಳಿಹಲಗೆಗಳೂ ಇದ್ದವು. ಕಾರ್ಲ್ ಡ್ರೈಸನು ಮಾನ್‌ಹೈಮ್ ನಗರದಲ್ಲಿ ತನ್ನ ಎರಡು ಚಕ್ರದ ಓಟದ ಗಾಡಿಯನ್ನು ನಡೆಸಿ ತೋರಿಸಿದುದು ೧೮೧೭ರಲ್ಲಿ. ಅದಕ್ಕೆ ತುಳಿಹಲಗೆ ಬಂದುದು ೧೮೬೦ರ ದಶಕದಲ್ಲಿ.

ಡ್ರೈಸನ ಕಾಲಕ್ಕೆ ಸಮೀಪದಲ್ಲಿಯೇ, ೧೮೧೮ರ ಸುಮಾರಿಗೆ, ಇಂಗ್ಲೆಂಡಿನ ಶಿಲ್ಪಿ ವಿಲಿಯಂ ಕ್ಯೂಬಿಟ್ಟನು ಸೆರೆಮನೆಗಳಿಗಾಗಿ ತುಳಿಚಕ್ರವನ್ನು ರೂಪಿಸಿದನು. ಕೈದಿಗಳು ದೊಡ್ಡದೊಂದು ಉರುಳೆಯ ಮೆಟ್ಟಿಲುಗಳನ್ನು ಗಂಟೆಗಟ್ಟಲೆ ಹತ್ತುತ್ತಲೇ ಇರಬೇಕಾಗಿತ್ತು. ಅವರು ಹತ್ತಿದ ಎತ್ತರವನ್ನು ಲೆಕ್ಕವಿಡುತ್ತಿದ್ದರು. ಹತ್ತಿ ತಲಪುವ ಸ್ಥಳ ಮಾತ್ರ ಯಾವುದೂ ಇರಲಿಲ್ಲ. ಅನೇಕ ಸೆರೆಮನೆಗಳಲ್ಲಿ ಪಕ್ಕದವನ ಮುಖ ಕಾಣದಂತೆ ನಡುವೆ ಹಲಗೆಯ ಅಡ್ಡಗೋಡೆಗಳನ್ನೂ ಕಟ್ಟಿದ್ದರು. ಅಳೆಯಲ್ಪಟ್ಟ, ಗುರಿಯಿಲ್ಲದ, ಒಂಟಿ ಶ್ರಮವನ್ನು ಆ ಕಾಲದ ಜನ ಶಿಕ್ಷೆಯೆಂದೇ ಭಾವಿಸಿದ್ದರೆಂಬುದು ನಮ್ಮ ವಿಷಯಕ್ಕೆ ಅಪ್ರಸ್ತುತವಲ್ಲ. ಬ್ರಿಟನ್ನಿನಲ್ಲಿ ಈ ಚಕ್ರ ಕಾನೂನಿನಿಂದ ಕೊನೆಗೊಂಡುದು ೧೮೯೮ರ ತರುವಾಯ. ಅದೇ ಬಗೆಯ ಶ್ರಮವನ್ನು ಮನುಷ್ಯನು ಹಣ ತೆತ್ತು ಸ್ವಇಚ್ಛೆಯಿಂದ ಮಾಡಬೇಕಾದರೆ ಅದಕ್ಕೆ ಗುರಿಯನ್ನೋ ಜೊತೆಯನ್ನೋ ಒದಗಿಸಲೇಬೇಕು. ನಮ್ಮ ಎರಡು ಪರಂಪರೆಗಳು ಈ ಅಗತ್ಯಕ್ಕೆ ದೊರೆತ ಎರಡು ಉತ್ತರಗಳು.

ಜೊತೆಯನ್ನು ಒದಗಿಸಿದ ಉತ್ತರವು ಮೊದಲು ಬಂದಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಉರುಳೆಗಳ ಮೇಲೆ ಸೈಕಲ್ಲನ್ನಿಟ್ಟು ತುಳಿಯುವ 'ಹೋಮ್ ಟ್ರೇನರ್' ಯಂತ್ರಗಳು ಬಳಕೆಗೆ ಬಂದವು. ೧೮೯೯ರ ಜೂನ್ ೩೦ರಂದು ಅಮೆರಿಕದ ಲಾಂಗ್ ಐಲೆಂಡಿನಲ್ಲಿ ರೈಲುಗಾಡಿಯ ಹಿಂದೆ, ಹಳಿಗಳ ನಡುವೆ ಹಾಸಿದ ಹಲಗೆಗಳ ಮೇಲೆ, ಒಂದು ಮೈಲಿಯನ್ನು ೫೭.೮ ಸೆಕೆಂಡುಗಳಲ್ಲಿ ಕ್ರಮಿಸಿ ಹೆಸರಾದ ಚಾರ್ಲ್ಸ್ ಮರ್ಫಿಯೂ, ಅದೇ ವರ್ಷ ವೇಗದ ಸವಾರಿಯಲ್ಲಿ ವಿಶ್ವವಿಜೇತನಾದ ನೀಗ್ರೋ ಜನಾಂಗದ ವೀರ ಮೇಜರ್ ಟೇಲರನೂ ನಾಟಕಶಾಲೆಗಳ ವೇದಿಕೆಯ ಮೇಲೆ ಇಂತಹ ಯಂತ್ರಗಳಲ್ಲಿ ಪರಸ್ಪರ ಸ್ಪರ್ಧಿಸಿದರು. ಸವಾರರು ಅಲ್ಲಾಡುತ್ತಿರಲಿಲ್ಲ, ಫಲಕದ ಮೇಲಿನ ಮುಳ್ಳುಗಳು ಓಡುತ್ತಿದ್ದವು, ಪ್ರೇಕ್ಷಕರು ಮುಳ್ಳುಗಳನ್ನು ನೋಡಿ ಕೂಗುತ್ತಿದ್ದರು. ಸವಾರನ ಬದಲಿಗೆ ಸವಾರನ ಗುರುತು ಓಡುವುದೆಂಬ ಕಲ್ಪನೆ ಇಲ್ಲಿ ಪೂರ್ಣರೂಪದಲ್ಲಿಯೇ ಇದೆ. ನಡುವಣ ಕಾಲವು ಮುಳ್ಳನ್ನು ಚಿತ್ರವಾಗಿ ಮಾರ್ಪಡಿಸಿತಷ್ಟೆ.

೩

೧೯೧೨ನೆಯ ವರ್ಷವನ್ನು ನಮ್ಮ ವಿಷಯದಲ್ಲಿ ಒಂದು ಸಂಧಿವರ್ಷವೆಂದು ಪರಿಗಣಿಸಬಹುದು. ಆ ವರ್ಷದ ಏಪ್ರಿಲ್ ತಿಂಗಳಲ್ಲಿ ಮುಳುಗಿದ ಟೈಟಾನಿಕ್ ಹಡಗಿನ ವ್ಯಾಯಾಮಶಾಲೆಯಲ್ಲಿ ಎರಡು ಸ್ಥಿರ ಸೈಕಲ್ಲುಗಳಿದ್ದವು. ಅವುಗಳೆದುರಿಗೆ ದೊಡ್ಡದೊಂದು ಫಲಕ, ಅದರಲ್ಲಿ ಕೆಂಪು ಮತ್ತು ನೀಲಿ ಬಣ್ಣದ ಎರಡು ಮುಳ್ಳುಗಳು. ಇಬ್ಬರು ಪ್ರಯಾಣಿಕರು ಕುಳಿತರೆ ಯಾರ ಮುಳ್ಳು ಮುಂದು ಎಂದು ತಿಳಿಯುತ್ತಿತ್ತು. ಅದೇ ವರ್ಷ ಬಾಸ್ಟನ್ನಿನಲ್ಲಿ, ಕಾರ್ನೆಗಿ ಸಂಸ್ಥೆಗೆ ಸೇರಿದ ಪೋಷಣ ಪ್ರಯೋಗಶಾಲೆಯಿಂದ, ಫ್ರಾನ್ಸಿಸ್ ಬೆನೆಡಿಕ್ಟ್ ಮತ್ತು ವಾಲ್ಟರ್ ಕೇಡಿ ಎಂಬ ವಿಜ್ಞಾನಿಗಳು ವಿದ್ಯುತ್ ತಡೆಯುಳ್ಳ ಶ್ರಮಮಾಪಕ ಸೈಕಲ್ಲೊಂದನ್ನು ವಿವರಿಸುವ ಗ್ರಂಥವನ್ನು ಪ್ರಕಟಿಸಿದರು. ಈ ಸೈಕಲ್ಲಿನಲ್ಲಿ ಎದುರಾಳಿಯಿಲ್ಲ, ಮುಳ್ಳುಗಳ ಓಟವಿಲ್ಲ. ತಾಮ್ರದ ಬಿಲ್ಲೆಯೊಂದು ವಿದ್ಯುತ್ಕಾಂತದ ಧ್ರುವಗಳ ನಡುವೆ ತಿರುಗುವುದು. ವಿದ್ಯುತ್ತನ್ನು ಹೆಚ್ಚಿಸಿದರೆ ಕಾಲಿಗೆ ಬೀಳುವ ಭಾರವೂ ಹೆಚ್ಚುವುದು. ಮಾಡಿದ ಕೆಲಸವೆಷ್ಟು, ಸುಟ್ಟ ಆಹಾರವೆಷ್ಟು ಎಂಬುದನ್ನು ಲೆಕ್ಕಹಾಕಬಹುದು. ಮರುವರ್ಷ, ಅಂದರೆ ೧೯೧೩ರಲ್ಲಿ, ಡೆನ್ಮಾರ್ಕಿನ ಆಗಸ್ಟ್ ಕ್ರೋಗ್ ತನ್ನ ಶ್ರಮಮಾಪಕವನ್ನು ಪ್ರಕಟಿಸಿದನು. ಈತನೇ ಮುಂದೆ ೧೯೨೦ರಲ್ಲಿ ನೊಬೆಲ್ ಬಹುಮಾನ ಪಡೆದ ಶರೀರಶಾಸ್ತ್ರಜ್ಞ.

ಹೀಗೆ ಒಂದೇ ವರ್ಷದಲ್ಲಿ, ಅಟ್ಲಾಂಟಿಕ್ ಸಾಗರದ ಮೇಲೊಂದು, ಅದರ ದಡದಲ್ಲೊಂದು, ಎರಡು ಬಗೆಯ ಸೈಕಲ್ಲುಗಳು ಇದ್ದವು. ಒಂದರ ಪ್ರಶ್ನೆ 'ಯಾರು ಮುಂದೆ?' ಎಂಬುದು. ಇನ್ನೊಂದರ ಪ್ರಶ್ನೆ 'ಎಷ್ಟು?' ಎಂಬುದು. ಮುಂದಿನ ಎಪ್ಪತ್ತು ವರ್ಷಗಳ ಕಾಲ ಈ ಪ್ರಶ್ನೆಗಳು ಬಹುಮಟ್ಟಿಗೆ ಒಂದನ್ನೊಂದು ಸಂಧಿಸಲಿಲ್ಲ. ಎರಡನೆಯ ಮಹಾಯುದ್ಧದ ತರುವಾಯ ಬ್ರಿಟನ್ನಿನ ನೃತ್ಯಮಂದಿರಗಳಲ್ಲಿಯೂ ಸಿನಿಮಾಮಂದಿರಗಳಲ್ಲಿಯೂ ಉರುಳೆ ಸ್ಪರ್ಧೆಗಳು ಜನಪ್ರಿಯವಾಗಿದ್ದವು. ಬೃಹತ್ ಗಡಿಯಾರದಂತಹ ಫಲಕದ ಮುಂದೆ ಜನ ಸೇರುತ್ತಿದ್ದರು. ಅದೇ ಕಾಲದಲ್ಲಿ, ೧೯೫೪ರಲ್ಲಿ, ಸ್ವೀಡನ್ನಿನ ಫಾನ್ ಡೋಬೆಲ್ನ್ ಚಕ್ರಕ್ಕೆ ಪಟ್ಟಿ ಸುತ್ತಿದ ಸರಳ ಶ್ರಮಮಾಪಕವನ್ನು ಪ್ರಕಟಿಸಿದನು. ಆಸ್ಟ್ರಾಂಡ್ ಮತ್ತು ರೀಮಿಂಗ್ ಎಂಬವರು ಹೃದಯದ ಬಡಿತದಿಂದ ದೇಹದ ಶ್ರಮಸಾಮರ್ಥ್ಯವನ್ನು ಅಂದಾಜುಮಾಡುವ ಕೋಷ್ಟಕವನ್ನು ಕೊಟ್ಟರು. ಜಾತ್ರೆ ಜಾತ್ರೆಯಾಗಿಯೂ ಪ್ರಯೋಗಶಾಲೆ ಪ್ರಯೋಗಶಾಲೆಯಾಗಿಯೂ ಉಳಿದವು.

೪

ಈ ಎರಡು ಧಾರೆಗಳು ಒಂದೇ ಯಂತ್ರದಲ್ಲಿ ಸಂಗಮಿಸಿದುದು ೧೯೮೬ರಲ್ಲಿ. ಅಮೆರಿಕದ ಸಿಯಾಟಲ್ ನಗರದ ರೇಸರ್‌ಮೇಟ್ ಸಂಸ್ಥೆ ಆ ವರ್ಷ 'ಕಂಪ್ಯೂಟ್ರೇನರ್' ಎಂಬುದನ್ನು ಮಾರುಕಟ್ಟೆಗೆ ತಂದಿತು. ಸವಾರನ ಸ್ವಂತ ಸೈಕಲ್ಲಿನ ಹಿಂದಿನ ಚಕ್ರಕ್ಕೆ ವಿದ್ಯುತ್ ತಡೆಯನ್ನು ಒತ್ತಿ, ಅದನ್ನು ಗಣಕಕ್ಕೆ ಜೋಡಿಸುವುದು ಇದರ ವಿಧಾನ. ಬೆನೆಡಿಕ್ಟನ ಯಂತ್ರದಂತೆ ಇದು ಬಲವನ್ನು ವ್ಯಾಟ್‌ಗಳಲ್ಲಿ ಅಳೆಯುತ್ತಿತ್ತು. ಟೈಟಾನಿಕ್ಕಿನ ಫಲಕದಂತೆ ತೆರೆಯ ಮೇಲೆ ಎದುರಾಳಿಯನ್ನೂ ತೋರಿಸುತ್ತಿತ್ತು. ಮಕ್ಕಳ ಆಟಕ್ಕಾಗಿ ಹೆಸರಾಗಿದ್ದ ನಿಂಟೆಂಡೊ ಯಂತ್ರಕ್ಕೂ ಇದನ್ನು ಜೋಡಿಸಬಹುದಾಗಿತ್ತು. ಅದೇ ೧೯೮೬ರಲ್ಲಿ ಜರ್ಮನಿಯ ಉಲ್ರಿಚ್ ಶೋಬರರ್ ಸೈಕಲ್ಲಿನ ತುಳಿಗಾಲಿನಲ್ಲಿಯೇ ಬಲವನ್ನು ಅಳೆಯುವ ಉಪಕರಣವನ್ನು ನಿರ್ಮಿಸಿದನು. ಪ್ರಯೋಗಶಾಲೆಯ ಅಂಕಿ ಹೀಗೆ ರಸ್ತೆಗೂ ಇಳಿಯಿತು. ಆದರೆ ಈ ಸಾಧನಗಳ ಬೆಲೆ ಸಾಮಾನ್ಯರ ಅಳವನ್ನು ಮೀರಿದುದಾಗಿತ್ತು.

ಮುಂದಿನ ಇಪ್ಪತ್ತು ವರ್ಷಗಳಲ್ಲಿ ಅಂಕಿಗಳಿಗೆ ಒಂದು ವ್ಯಾಕರಣ ಬೆಳೆಯಿತು. ಆಂಡ್ರೂ ಕಾಗನ್ ಮತ್ತು ಹಂಟರ್ ಅಲೆನ್ ಅವರು ೨೦೦೬ರಲ್ಲಿ ಪ್ರಕಟಿಸಿದ ಗ್ರಂಥವು, ಒಬ್ಬ ಸವಾರನು ಸುಮಾರು ಒಂದು ಗಂಟೆಯ ಕಾಲ ಕುಂದದೆ ನಿರ್ವಹಿಸಬಲ್ಲ ಬಲವನ್ನು ಆಧಾರವಾಗಿಟ್ಟುಕೊಂಡು ಅಭ್ಯಾಸವನ್ನು ಹಂತಗಳಾಗಿ ವಿಂಗಡಿಸುವ ಕ್ರಮವನ್ನು ಜನಸಾಮಾನ್ಯರಿಗೆ ಮುಟ್ಟಿಸಿತು. ಇದನ್ನು ನಾವು ಸವಾರನ 'ಮಿತಿಬಲ' ಎಂದು ಕರೆಯೋಣ. ೨೦೧೧ರಲ್ಲಿ ಅಮೆರಿಕದ ನೆವಾಡ ಪ್ರಾಂತದ ರೀನೊ ನಗರದಲ್ಲಿ ಸ್ಥಾಪಿತವಾದ ಟ್ರೇನರ್‌ರೋಡ್ ಈ ವ್ಯಾಕರಣವನ್ನು ಪಾಠಮಾಲೆಯಾಗಿ ಮಾಡಿತು. ದುಬಾರಿಯ ಬಲಮಾಪಕ ಇಲ್ಲದವನಿಗೂ ಅದು ಒಂದು ದಾರಿ ತೋರಿಸಿತು: ಹಿಂದಿನ ಚಕ್ರದ ವೇಗ ತಿಳಿದರೆ, ಆಯಾ ಯಂತ್ರದ ತಡೆಯ ಗುಣ ಗೊತ್ತಿರುವುದರಿಂದ, ಬಲವನ್ನು ಲೆಕ್ಕದಿಂದ ಊಹಿಸಬಹುದು. ೨೦೧೨ರಲ್ಲಿ ವಾಹೂ ಸಂಸ್ಥೆಯ 'ಕಿಕರ್' ಯಂತ್ರ ಬಂದು, ಗಣಕದ ಆಜ್ಞೆಯಂತೆ ತಡೆಯನ್ನು ತಾನೇ ಬದಲಿಸುವ ಶಕ್ತಿ ಮನೆಗಳನ್ನು ಪ್ರವೇಶಿಸಿತು.

೨೦೧೪ರ ಸೆಪ್ಟೆಂಬರಿನಲ್ಲಿ ಜ್ವಿಫ್ಟ್ ಪರೀಕ್ಷಾರ್ಥವಾಗಿ ಬೆಳಕಿಗೆ ಬಂದಿತು. ಜಾನ್ ಮೇಫೀಲ್ಡ್ ಎಂಬ ತಂತ್ರಜ್ಞನು ತನ್ನ ಬಳಕೆಗಾಗಿ ಬರೆದಿದ್ದ ಆಟ ಇದರ ಬೀಜ. ಎರಿಕ್ ಮಿನ್ ಮೊದಲಾದವರು ಅದನ್ನು ಸಂಸ್ಥೆಯಾಗಿ ಕಟ್ಟಿದರು. ಮುಂದೆ ಇದರ ಮುಖ್ಯ ಭೂಮಿಕೆಯಾದ ಕಲ್ಪಿತ ದ್ವೀಪಕ್ಕೆ 'ವಟೋಪಿಯ' ಎಂದು ಹೆಸರು. ವ್ಯಾಟ್ ಎಂಬ ಮಾನವನ್ನೂ ಯುಟೋಪಿಯ ಎಂಬ ಆದರ್ಶಲೋಕದ ಹೆಸರನ್ನೂ ಕೂಡಿಸಿ ಮಾಡಿದ ಈ ಪದದಲ್ಲಿಯೇ ನಮ್ಮ ಎರಡು ಪರಂಪರೆಗಳ ಸಮಾಸವಿರುವುದು ಗಮನಾರ್ಹವಾಗಿದೆ. ಹೀಗೆ ೧೯೮೬ರಲ್ಲಿ ಒಂದಾದ ಧಾರೆಗಳು ೨೦೧೧ ಮತ್ತು ೨೦೧೪ರಲ್ಲಿ ಮತ್ತೆ ಕವಲೊಡೆದವು. ಯಂತ್ರ ಒಂದೇ, ಮಾನವೂ ಒಂದೇ, ಬೇರೆಯಾದುದು ಉದ್ದೇಶ.

೫

ಉದ್ದೇಶದ ಈ ಭೇದವು ಯಂತ್ರದ ನಡವಳಿಕೆಯಲ್ಲಿ ಹೇಗೆ ವ್ಯಕ್ತವಾಗುವುದೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಒಬ್ಬ ಸವಾರನು ೨೦ ನಿಮಿಷಗಳ ಪರೀಕ್ಷೆಯಲ್ಲಿ ಸರಾಸರಿ ೨೪೦ ವ್ಯಾಟ್ ಬಲ ತೋರಿದನೆನ್ನೋಣ. ರೂಢಿಯ ಲೆಕ್ಕದಂತೆ ಇದರ ಶೇಕಡ ೯೫, ಅಂದರೆ ೨೨೮ ವ್ಯಾಟ್, ಅವನ ಮಿತಿಬಲ. ಶಿಕ್ಷಣದ ಸಾಧನವು ಅವನಿಗೆ 'ಮಿತಿಬಲದ ಶೇಕಡ ೯೦ರಲ್ಲಿ ೨೦ ನಿಮಿಷ, ನಡುವೆ ವಿರಾಮ, ಮತ್ತೆ ೨೦ ನಿಮಿಷ' ಎಂಬ ಪಾಠ ಕೊಟ್ಟರೆ, ಯಂತ್ರವು ೨೦೫ ವ್ಯಾಟ್‌ಗಳನ್ನು ಹಿಡಿದು ನಿಲ್ಲುವುದು. ಅವನು ನಿಧಾನವಾಗಿ ತುಳಿದರೆ ತಡೆ ಹೆಚ್ಚುವುದು. ವೇಗವಾಗಿ ತುಳಿದರೆ ತಗ್ಗುವುದು. ಗುಣಲಬ್ಧ ಮಾತ್ರ ಬದಲಾಗದು. ಸವಾರನಿಗಿರುವ ಸ್ವಾತಂತ್ರ್ಯ ಎರಡೇ: ಮುಂದುವರಿಯುವುದು ಅಥವಾ ನಿಲ್ಲಿಸುವುದು.

ಆಟದಲ್ಲಿ ಇದು ತಲೆಕೆಳಗು. ಅಲ್ಲಿ ಬಲವು ಸವಾರನಿಂದ ಹೊರಡುವುದು, ಉಳಿದುದನ್ನು ಲೋಕ ತೀರ್ಮಾನಿಸುವುದು. ತಂತ್ರಾಂಶವು ಅವನ ಬಲ, ದೇಹದ ತೂಕ, ಎತ್ತರ, ರಸ್ತೆಯ ಏರು, ಮುಂದಿನ ಸವಾರನ ಮರೆ ಇವುಗಳನ್ನೆಲ್ಲ ಗಣಿಸಿ ಪ್ರತಿರೂಪದ ವೇಗವನ್ನು ನಿರ್ಣಯಿಸುತ್ತದೆ. ಏರಿನಲ್ಲಿ ಯಂತ್ರ ಬಿಗಿಯಾಗುತ್ತದೆ. ಆದರೆ ಸಾಮಾನ್ಯವಾಗಿ ಏರಿನ ಅರ್ಧದಷ್ಟನ್ನು ಮಾತ್ರ ಕಾಲಿಗೆ ತಿಳಿಯಪಡಿಸುವಂತೆ ಅದನ್ನು ಹೊಂದಿಸಿರುತ್ತಾರೆ. ಗುಂಪಿನೊಡನೆ ಉಳಿಯಲು ೩೦೦ ವ್ಯಾಟ್ ಬೇಕಾದರೆ ೩೦೦, ಗುಂಪು ಸಡಿಲಿಸಿದರೆ ೧೫೦. ಮೊದಲನೆಯದರಲ್ಲಿ ಗುರಿಯನ್ನು ನಿನ್ನೆಯೇ ನಿಶ್ಚಯಿಸಲಾಗಿದೆ. ಎರಡನೆಯದರಲ್ಲಿ ಅದು ಈ ಕ್ಷಣದಲ್ಲಿ, ಇತರರ ಸಮ್ಮುಖದಲ್ಲಿ ಹುಟ್ಟುತ್ತದೆ.

ಆದಕಾರಣ ಗುಣದೋಷಗಳೂ ಇಲ್ಲಿಂದಲೇ ಹೊರಡುತ್ತವೆ. ಕ್ರಮಬದ್ಧ ಪಾಠವು ಶ್ರಮವನ್ನು ಮಿತವಾಗಿ ಹಂಚುತ್ತದೆ. ವಿಶ್ರಾಂತಿಯನ್ನೂ ಪಾಠವೆಂದೇ ಎಣಿಸುತ್ತದೆ. ಆದರೆ ತುಳಿಚಕ್ರದ ಏಕಾಂತ ಅದರ ಬೆನ್ನು ಬಿಡದು. ಅರ್ಧಕ್ಕೇ ಕೈಬಿಡುವ ಸವಾರರ ವಿಷಯವು ಅದರ ನಿತ್ಯದ ಚಿಂತೆ. ಆಟವು ಏಕಾಂತವನ್ನು ಅಳಿಸುತ್ತದೆ. ಆದರೆ ಇಂದು ಮೆಲ್ಲಗೆ ತುಳಿಯಬೇಕೆಂದು ಕುಳಿತವನನ್ನು ಪಕ್ಕದಲ್ಲಿ ಹಾದುಹೋದವನೊಬ್ಬನು ಕೆಣಕಿ ಓಡಿಸುತ್ತಾನೆ. ಜ್ವಿಫ್ಟ್ ತನ್ನೊಳಗೆ ಪಾಠಗಳನ್ನು ಸೇರಿಸಿಕೊಂಡುದೂ, ಸವಾರರು ಟ್ರೇನರ್‌ರೋಡಿನ ಪಾಠವನ್ನು ಒಂದು ಯಂತ್ರದಲ್ಲಿ ನಡೆಸುತ್ತ ಇನ್ನೊಂದು ತೆರೆಯಲ್ಲಿ ವಟೋಪಿಯದ ರಸ್ತೆಯನ್ನು ನೋಡುವ ಉಪಾಯವನ್ನು ಕಂಡುಕೊಂಡುದೂ ಈ ಎರಡು ಕೊರತೆಗಳಿಗೆ ಸಾಕ್ಷಿ.

ಆಟವು ನಿಷ್ಪ್ರಯೋಜಕವೆನ್ನುವವರು ೨೦೧೬ರ ಘಟನೆಯೊಂದನ್ನು ಪರಿಶೀಲಿಸಬೇಕು. ಆಸ್ಟ್ರೇಲಿಯದ ಮ್ಯಾಥ್ಯೂ ಹೇಮನ್ ಆ ವರ್ಷದ ಫೆಬ್ರವರಿ ಕೊನೆಯಲ್ಲಿ ಬೆಲ್ಜಿಯಂನ ಸ್ಪರ್ಧೆಯೊಂದರಲ್ಲಿ ಬಿದ್ದು ಮುಂಗೈ ಮುರಿದುಕೊಂಡನು. ರಸ್ತೆಗಿಳಿಯಲಾರದೆ ಮನೆಯ ಗ್ಯಾರೇಜಿನಲ್ಲಿ ಜ್ವಿಫ್ಟ್ ಮೂಲಕ ಅಭ್ಯಾಸ ನಡೆಸಿ, ಏಪ್ರಿಲ್ ೧೦ರಂದು ಪ್ಯಾರಿಸ್–ರೂಬೆ ಸ್ಪರ್ಧೆಯಲ್ಲಿ ಟಾಮ್ ಬೂನೆನ್ ಮೊದಲಾದ ಘಟಾನುಘಟಿಗಳನ್ನು ಸೋಲಿಸಿದನು. ಗರಡಿಯ ಕೆಲಸವನ್ನು ಕಣವೇ ಮಾಡಿತು. ಆದರೆ ಹೇಮನ್ನನು ದೀರ್ಘಕಾಲ ಪಳಗಿದ ವೃತ್ತಿಯವನಾಗಿದ್ದುದರಿಂದ, ಎಷ್ಟು ತುಳಿಯಬೇಕೆಂಬ ವಿವೇಕವನ್ನು ತನ್ನೊಡನೆ ತಂದಿದ್ದನೆಂಬುದನ್ನೂ ಮರೆಯಲಾಗದು.

೬

ಎರಡು ಪರಂಪರೆಗಳ ನಡುವಣ ಗಾಢವಾದ ಭೇದವು ಸತ್ಯಕ್ಕೆ ಸಂಬಂಧಿಸಿದುದು. ಪ್ರಯೋಗಶಾಲೆಯ ಅಂಕಿಗೆ ಸುಳ್ಳುಹೇಳುವ ಕಾರಣವಿರಲಿಲ್ಲ. ತನ್ನ ಮಿತಿಬಲವನ್ನು ಹೆಚ್ಚಾಗಿ ತೋರಿಸಿಕೊಂಡ ವಿದ್ಯಾರ್ಥಿಗೆ ಮರುದಿನದ ಪಾಠ ಕಠಿನವಾಗುವುದೇ ಶಿಕ್ಷೆ. ಆದರೆ ಅಂಕಿಯಿಂದಲೇ ಗೆಲುವು ದೊರೆಯುವಲ್ಲಿ ಅಂಕಿಯು ಪ್ರಲೋಭನಕ್ಕೆ ಒಳಗಾಗುತ್ತದೆ. ಏರಿನಲ್ಲಿ ವೇಗವನ್ನು ನಿರ್ಧರಿಸುವುದು ಬಹುಮಟ್ಟಿಗೆ ಬಲ ಮತ್ತು ತೂಕಗಳ ಪ್ರಮಾಣ. ೮೦ ಕಿಲೋಗ್ರಾಂ ತೂಕದವನು ೨೪೦ ವ್ಯಾಟ್ ತುಳಿದರೆ ಆ ಪ್ರಮಾಣ ೩. ತೂಕವನ್ನು ೭೦ ಎಂದು ಬರೆದುಕೊಂಡರೆ ಕಾಲು ಕದಲಿಸದೆಯೇ ಅದು ಸುಮಾರು ೩.೪ಕ್ಕೆ ಏರುತ್ತದೆ.

೨೦೧೯ರ ಮಾರ್ಚಿಯಲ್ಲಿ ಬ್ರಿಟನ್ನಿನ ಸೈಕಲ್ ಒಕ್ಕೂಟವು ಜ್ವಿಫ್ಟ್‌ನಲ್ಲಿ ತನ್ನ ಮೊದಲ ರಾಷ್ಟ್ರೀಯ ಸ್ಪರ್ಧೆಯನ್ನು ನಡೆಸಿತು. ಗೆದ್ದ ಸವಾರನ ಬಿರುದನ್ನು ಅದೇ ವರ್ಷದ ಅಕ್ಟೋಬರಿನಲ್ಲಿ ಹಿಂತೆಗೆದುಕೊಂಡು, ೨೫೦ ಪೌಂಡು ದಂಡವನ್ನೂ ಆರು ತಿಂಗಳ ನಿಷೇಧವನ್ನೂ ವಿಧಿಸಲಾಯಿತು. ಅವನ ಅಪರಾಧವಾದರೂ ವಿಚಿತ್ರವಾದುದು. ಒಟ್ಟು ೫೦,೦೦೦ ಮೀಟರ್ ಏರನ್ನು ಹತ್ತಿದವರಿಗೆ ಆಟದೊಳಗೆ ದೊರೆಯುವ ವೇಗದ ಸೈಕಲ್ಲನ್ನು ಅವನು ಬಲವನ್ನು ಅನುಕರಿಸುವ ತಂತ್ರಾಂಶದಿಂದ ಸಂಪಾದಿಸಿದ್ದನು. ಅಂತಿಮ ಸ್ಪರ್ಧೆಯ ದಿನ ಅವನ ಕಾಲು ಸುಳ್ಳಾಡಿರಲಿಲ್ಲ, ಚಕ್ರ ಸುಳ್ಳಾಗಿತ್ತು. ಇಲ್ಲದ ಸೈಕಲ್ಲಿಗಾಗಿ ಇರುವ ಮನುಷ್ಯನಿಗೆ ದಂಡ ವಿಧಿಸಿದ ಈ ಪ್ರಕರಣವು, ಕಲ್ಪಿತ ವಸ್ತುವೂ ನ್ಯಾಯದ ವ್ಯಾಪ್ತಿಗೆ ಒಳಪಟ್ಟಿತೆಂಬುದಕ್ಕೆ ದಾಖಲೆಯಾಗಿದೆ.

ಅಷ್ಟರಿಂದಲೇ ಕಣವನ್ನು ತಿರಸ್ಕರಿಸುವುದು ನ್ಯಾಯವಲ್ಲ. ೨೦೨೦ರ ಸಾಂಕ್ರಾಮಿಕದ ಕಾಲದಲ್ಲಿ ರಸ್ತೆಯ ಸ್ಪರ್ಧೆಗಳು ನಿಂತಾಗ, ಜುಲೈ ತಿಂಗಳಲ್ಲಿ ಜ್ವಿಫ್ಟ್‌ನಲ್ಲಿ ನಡೆದ ಕಲ್ಪಿತ 'ಟೂರ್ ದ ಫ್ರಾನ್ಸ್' ಸ್ಪರ್ಧೆಯಲ್ಲಿ ಪುರುಷರಿಗೂ ಸ್ತ್ರೀಯರಿಗೂ ಒಂದೇ ದಾರಿಗಳನ್ನು ಗೊತ್ತುಮಾಡಲಾಗಿತ್ತು. ೨೦೨೨ರ ಜುಲೈಯಲ್ಲಿ ಸ್ತ್ರೀಯರ ಟೂರ್ ಎಂಟು ಹಂತಗಳ ಸ್ಪರ್ಧೆಯಾಗಿ ನಿಜವಾದ ರಸ್ತೆಯ ಮೇಲೆ ಪುನರಾರಂಭವಾದಾಗ ಅದರ ಪ್ರಧಾನ ಪೋಷಕ ಸಂಸ್ಥೆ ಜ್ವಿಫ್ಟ್ ಆಗಿತ್ತು. ೨೦೨೦ರ ಡಿಸೆಂಬರಿನಲ್ಲಿ ನಡೆದ ಮೊದಲ ವಿಶ್ವ ಸ್ಪರ್ಧೆಯಲ್ಲಿ ಗೆದ್ದವರು ದಕ್ಷಿಣ ಆಫ್ರಿಕದ ಆಶ್ಲಿ ಮೂಲ್ಮನ್-ಪಾಸಿಯೊ ಮತ್ತು ಜರ್ಮನಿಯ ಜೇಸನ್ ಆಸ್ಬೋರ್ನ್. ಆಸ್ಬೋರ್ನ್ ಮೂಲತಃ ದೋಣಿ ಹುಟ್ಟುಹಾಕುವ ಕ್ರೀಡಾಪಟು, ಮರುವರ್ಷ ಟೋಕಿಯೊ ಒಲಿಂಪಿಕ್ಸಿನಲ್ಲಿ ಬೆಳ್ಳಿಯ ಪದಕ ಪಡೆದವನು. ಜ್ವಿಫ್ಟ್‌ನ ಆಯ್ಕೆಯ ಸ್ಪರ್ಧೆಯಿಂದ ಮೇಲೆ ಬಂದ ಆಸ್ಟ್ರೇಲಿಯದ ಜೇ ವೈನ್ ೨೦೨೨ರಲ್ಲಿ ಸ್ಪೇನಿನ ವುಯೆಲ್ತಾದ ಎರಡು ಹಂತಗಳನ್ನು ಗೆದ್ದನು. ಕುಲ, ದೇಶ, ಪರಿಚಯಗಳ ಬೇಲಿಯ ಹೊರಗಿದ್ದವರನ್ನು ಒಳಕ್ಕೆ ಕರೆಯುವ ಜಾತ್ರೆಯ ಗುಣ ಇಲ್ಲಿ ಮತ್ತೆ ಕಾಣಿಸಿಕೊಂಡಿತು. ನಾಟಕಶಾಲೆಯ ವೇದಿಕೆಯ ಮೇಲೆ ಮೇಜರ್ ಟೇಲರನು ಬಿಳಿಯನೊಬ್ಬನಿಗೆ ಸಮನಾಗಿ ಕುಳಿತುದನ್ನು ಇಲ್ಲಿ ನೆನೆಯುವುದು ಅಸಂಗತವಾಗಲಾರದು.

೭

ಕಡೆಯದಾಗಿ, ಇತಿಹಾಸದ ಅಧ್ಯಾಪಕರೂ ವಿದ್ಯಾರ್ಥಿಗಳೂ ಗಮನಿಸಬೇಕಾದ ಸಂಗತಿಯೊಂದುಂಟು. ಬೆನೆಡಿಕ್ಟ್ ಮತ್ತು ಕೇಡಿ ಅವರ ಗ್ರಂಥವನ್ನು ಇಂದಿಗೂ ಓದಬಹುದು. ಅದರ ಚಿತ್ರಗಳನ್ನು ನೋಡಿ ಯಂತ್ರವನ್ನು ಪುನಃ ಕಟ್ಟಬಹುದು. ಕಂಪ್ಯೂಟ್ರೇನರಿನ ತಯಾರಿಕೆ ೨೦೧೭ರಲ್ಲಿ ನಿಂತಿತು. ಆರ್‌ಜಿಟಿ ಎಂಬ ಮತ್ತೊಂದು ಕಲ್ಪಿತ ಲೋಕವನ್ನು ವಾಹೂ ಸಂಸ್ಥೆ ೨೦೨೨ರಲ್ಲಿ ಕೊಂಡುಕೊಂಡು ೨೦೨೩ರಲ್ಲಿ ಮುಚ್ಚಿತು; ಅಂದಿನಿಂದ ಅದರ ರಸ್ತೆಗಳ ಮೇಲೆ ಯಾರೂ ಸವಾರಿ ಮಾಡುವಂತಿಲ್ಲ. ಹಾಳೂರಿನಲ್ಲಿ ಕನಿಷ್ಠಪಕ್ಷ ಗೋಡೆಗಳು ಉಳಿಯುತ್ತವೆ, ಶಾಸನದ ಕಲ್ಲು ಉಳಿಯುತ್ತದೆ. ಇಲ್ಲಿ ಒಂದು ಖಾಸಗಿ ಸಂಸ್ಥೆಯ ತೀರ್ಮಾನದಿಂದ ಊರು, ದಾರಿ, ಗುಡ್ಡಗಳು ಏಕಕಾಲದಲ್ಲಿ ಇಲ್ಲವಾಗುತ್ತವೆ. ಆ ದಾರಿಗಳಲ್ಲಿ ಬೆವರು ಸುರಿಸಿದ ಜನರ ಶ್ರಮ ಮಾತ್ರ ನಿಜವಾದುದಾಗಿತ್ತು.

ಈ ವಿಷಯದಲ್ಲಿ ಗರಡಿಗೆ ಸ್ವಲ್ಪ ಅನುಕೂಲ ಹೆಚ್ಚು. '೨೦೫ ವ್ಯಾಟ್, ೨೦ ನಿಮಿಷ, ಎರಡು ಬಾರಿ' ಎಂಬ ಪಾಠವನ್ನು ಒಂದು ಚೀಟಿಯಲ್ಲಿ ಬರೆದಿಡಬಹುದು; ಯಾವ ಯಂತ್ರದ ಮೇಲಾದರೂ, ಯಾವ ಕಾಲದಲ್ಲಾದರೂ ಅದನ್ನು ಮತ್ತೆ ನಡೆಸಬಹುದು. ಅದು ವಿಧಿ, ವಿಧಿಗೆ ಸ್ಥಳದ ಹಂಗಿಲ್ಲ. ಜಾತ್ರೆಯನ್ನು ಚೀಟಿಯಲ್ಲಿ ಬರೆದಿಡಲಾಗದು. ಅದು ಸೇರಿದಾಗ ಮಾತ್ರ ಇರುತ್ತದೆ, ಚದರಿದಾಗ ನೆನಪಾಗುತ್ತದೆ. ನೃತ್ಯಮಂದಿರದ ಉರುಳೆ ಸ್ಪರ್ಧೆಗಳಿಂದ ನಮಗೆ ಉಳಿದುಬಂದಿರುವುದು ಕೆಲವು ಛಾಯಾಚಿತ್ರಗಳು, ಪತ್ರಿಕಾವರದಿಗಳು, ಕಂಡವರ ಮಾತುಗಳು. ಕಲ್ಪಿತ ಲೋಕದ ಸ್ಪರ್ಧೆಗಳಿಂದಲೂ ಕೊನೆಗೆ ಉಳಿಯುವುವು ಪ್ರಾಯಶಃ ಇವೇ.

ಹೀಗೆ ನೋಡಿದಾಗ, ಎರಡರಲ್ಲಿ ಯಾವುದು ಮೇಲು ಎಂಬ ಪ್ರಶ್ನೆಯನ್ನು 'ಯಾವುದು ಯಾವುದಕ್ಕೆ?' ಎಂದು ತಿದ್ದಿಕೊಳ್ಳುವುದು ಯುಕ್ತ. ದೇಹವನ್ನು ಕ್ರಮವಾಗಿ ಬೆಳಸಿಕೊಳ್ಳಬೇಕೆಂಬವನಿಗೆ ವಿಧಿ ಬೇಕು. ಬೆಳಸಿಕೊಂಡುದನ್ನು ನಾಲ್ವರೆದುರು ಒರೆಗೆ ಹಚ್ಚಬೇಕೆಂಬವನಿಗೆ ಕಣ ಬೇಕು. ಅಂಕಿಯನ್ನು ಗರಡಿಯಲ್ಲಿ ನಂಬಬಹುದು. ಕಣದಲ್ಲಿ ಅದನ್ನು ಪರೀಕ್ಷಿಸಿಯೇ ನಂಬಬೇಕು. ೧೯೧೨ರ ಎರಡು ಸೈಕಲ್ಲುಗಳಲ್ಲಿ ಒಂದು ಸಮುದ್ರದ ತಳ ಸೇರಿತು, ಇನ್ನೊಂದು ಗ್ರಂಥಾಲಯವನ್ನು ಸೇರಿತು. ಆದರೆ ಅವು ಎತ್ತಿದ ಎರಡು ಪ್ರಶ್ನೆಗಳೂ ಉಳಿದುಬಂದಿವೆ. ಕೋಣೆಯ ಬಾಗಿಲು ಹಾಕಿಕೊಂಡು ತುಳಿಯಲು ಕುಳಿತ ಪ್ರತಿಯೊಬ್ಬ ಸವಾರನೂ ಅವುಗಳಲ್ಲಿ ಒಂದನ್ನು ಆರಿಸಿಕೊಂಡೇ ಮೊದಲ ತುಳಿತವನ್ನು ತುಳಿಯುತ್ತಾನೆ.